ಗಣಿಯಲ್ಲಿ ಏರ್‌ಬ್ಲಾಸ್ಟ್ ಆದ ಮೇಲೆ: ಹಾನಿಯನ್ನು ಡಿಜಿಟಲ್ ಆಗಿ ದಾಖಲಿಸುವ ಸಮಗ್ರ ಮಾರ್ಗದರ್ಶಿ

ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಯಲ್ಲಿ ಏರ್‌ಬ್ಲಾಸ್ಟ್ ಅಂದರೆ ಏನು ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಒತ್ತಡ ತುಂಬಿಕೊಂಡ ಬಂಡೆ ತಡೆಯಲಾರದೆ ಒಮ್ಮೆಲೇ ಒಡೆದು ಸಿಡಿಯುತ್ತದೆ. ಪುಸ್ತಕದಲ್ಲಿ ಇದನ್ನು ರಾಕ್‌ಬರ್ಸ್ಟ್ ಅಂತಾರೆ. ಅದಾದ ಮೇಲೆ ನಡೆಯುವುದೂ ಗೊತ್ತಿರುವುದೇ. ಒಳಗಿದ್ದವರನ್ನು ಹೊರಗೆ ತರುತ್ತಾರೆ, ಸಡಿಲ ಕಲ್ಲು ಉದುರಿಸುತ್ತಾರೆ, ಮಕ್ (ಬಿದ್ದ ಕಲ್ಲಿನ ರಾಶಿ) ಎತ್ತುತ್ತಾರೆ, ಬಂಡೆಯನ್ನು ಹಿಡಿದಿಡಲು ಹೊಸ ಬೋಲ್ಟ್ ಹೊಡೆಯುತ್ತಾರೆ. ಸ್ವಲ್ಪ ದಿನಕ್ಕೆ ಆ ಜಾಗ ಬೇರೆ ಜಾಗಗಳಂತೆಯೇ ಕಾಣುತ್ತದೆ. ಉಳಿಯುವುದು ರಿಜಿಸ್ಟರ್‌ನಲ್ಲಿ ಒಂದು ಸಾಲು: ‘ಇಂಥ ಲೆವೆಲ್, ಉತ್ತರದ ಡ್ರೈವ್, ಸುಮಾರು 10 ಟನ್ ಕಲ್ಲು ಬಿದ್ದಿದೆ.’ (ಲೆವೆಲ್ ಅಂದರೆ ಗಣಿಯ ಒಂದು ಅಂತಸ್ತು, ಡ್ರೈವ್ ಅಂದರೆ ಅದಿರಿನ ಗುಂಟ ಕೊರೆದ ಸುರಂಗ.)

ಆ ಸಾಲಿನಿಂದ ಮುಂದಿನ ಪಾಳಿಯವರಿಗೆ ಏನೂ ಸಿಗುವುದಿಲ್ಲ. ಯಾವ ಬೋಲ್ಟ್ ತುಂಡಾಯಿತು, ಯಾವುದು ತಡೆದುಕೊಂಡಿತು? ಬಂಡೆಗೆ ಹೊದಿಸಿದ ತಂತಿ ಜಾಲರಿ ಹರಿದದ್ದು ಎಲ್ಲಿ? ಹತ್ತೇ ಮೀಟರ್ ಆಚೆ ಏನೂ ಆಗಲಿಲ್ಲವಲ್ಲ, ಯಾಕೆ? ಹಾನಿಯ ದಾಖಲೆ ಇರುವುದೇ ಈ ಕೊನೆಯ ಪ್ರಶ್ನೆಗೆ. ಹಾಗಾಗಿ ಕೆಟ್ಟ ಜಾಗ ಎಷ್ಟು ಮುಖ್ಯವೋ ಪಕ್ಕದಲ್ಲಿ ಗಟ್ಟಿಯಾಗಿ ನಿಂತ ಜಾಗವೂ ಅಷ್ಟೇ ಮುಖ್ಯ. ಈ ಮಾರ್ಗದರ್ಶಿ ಉದ್ದಕ್ಕೂ ಈ ಮಾತು ಮತ್ತೆ ಮತ್ತೆ ಬರುತ್ತದೆ.

ನಮ್ಮ ರಾಜ್ಯಕ್ಕೆ ಇದು ಹೊಸ ವಿಷಯ ಅಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ 19ನೇ ಶತಮಾನದ ಕೊನೆಯಿಂದಲೇ ಬಂಡೆ ಸಿಡಿತದ ವರದಿಗಳಿವೆ. 1912ರಷ್ಟು ಹಿಂದೆಯೇ ಅಲ್ಲಿ ಭೂಕಂಪನ ಅಳೆಯುವ ಯಂತ್ರ ಕೂರಿಸಿದ್ದರು. 1978ರ ಹೊತ್ತಿಗೆ ನೆಲದೊಳಗೂ ಹೊರಗೂ ಸಂವೇದಕಗಳ ಜಾಲ ಬಂತು. ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ 1988ರಲ್ಲಿ ಕೆಜಿಎಫ್‌ನಲ್ಲೇ ಶುರುವಾಯಿತು. ಮೂರು ಕಿಲೋಮೀಟರ್‌ಗಿಂತ ಆಳಕ್ಕೆ ಹೋದ ಆ ಗಣಿಗಳು 2001ರಲ್ಲಿ ಮುಚ್ಚಿದವು. ಹಟ್ಟಿ ಅಷ್ಟು ಆಳ ಇಲ್ಲ. ಆದರೆ ಕೆಳಕ್ಕೆ ಹೋದಂತೆಲ್ಲ ಬಂಡೆಯ ಮೇಲಿನ ಒತ್ತಡ ಏರುತ್ತಲೇ ಹೋಗುತ್ತದೆ. ಇಲ್ಲಿನ ಕಲ್ಲು ಗಟ್ಟಿ ಆಂಫಿಬೊಲೈಟ್. ಮೆತ್ತಗಿನ ಕಲ್ಲು ನಿಧಾನಕ್ಕೆ ಹಿಸುಕಿಕೊಂಡು ಒತ್ತಡ ಬಿಟ್ಟುಕೊಡುತ್ತದೆ. ಗಟ್ಟಿ ಕಲ್ಲು ಶಕ್ತಿ ಕೂಡಿಟ್ಟುಕೊಂಡು ಒಮ್ಮೆಲೇ ಬಿಡುತ್ತದೆ.

ಮೊದಲು: ಯಾವಾಗ ಒಳಗೆ ಹೋಗಬೇಕು

ದಾಖಲೆ ಎಷ್ಟೇ ಮುಖ್ಯ ಆಗಿದ್ದರೂ ಅದು ರಕ್ಷಣೆಯ ನಂತರದ ಕೆಲಸ. ದೊಡ್ಡ ಸಿಡಿತದ ಹಿಂದೆಯೇ ಸಣ್ಣ ಸಣ್ಣವು ಬರುತ್ತಲೇ ಇರುತ್ತವೆ. ಮೊದಲ ಗಂಟೆಗಳಲ್ಲಿ ಜಾಸ್ತಿ, ಆಮೇಲೆ ಕಡಿಮೆ. ಕಂಪನ ಅಳೆಯುವ ವ್ಯವಸ್ಥೆ ಇದ್ದರೆ, ಎಣಿಕೆ ಮಾಮೂಲಿ ಮಟ್ಟಕ್ಕೆ ಇಳಿಯುವವರೆಗೆ ಕಾಯಬೇಕು. ಇಲ್ಲದಿದ್ದರೆ ಮ್ಯಾನೇಜರ್ ಹೇಳಿದ ಸಮಯವೇ ಕೊನೆ ಮಾತು. ಡ್ರೆಸ್ಸಿಂಗ್ ಆಗದ, ಅಂದರೆ ಸಡಿಲ ಕಲ್ಲು ಉದುರಿಸದ ಛಾವಣಿಯ ಕೆಳಗೆ ಒಂದು ಫೋಟೋಗಾಗಿ ಒಂದು ಹೆಜ್ಜೆಯನ್ನೂ ಇಡಬೇಡಿ. ಬೋಲ್ಟ್, ಜಾಲರಿಯ ಆಧಾರ ಗಟ್ಟಿಯಿರುವ ಜಾಗದಲ್ಲಿ ನಿಂತು ಜೂಮ್ ಮಾಡಿ. ಉದ್ದ ಕೋಲಿನ ತುದಿಗೆ ಕ್ಯಾಮೆರಾ ಕಟ್ಟಿ ಮುಂದಕ್ಕೆ ಚಾಚಿ. ಗಣಿಯಲ್ಲಿ ಸ್ಕ್ಯಾನರ್ ಹೊತ್ತ ಡ್ರೋನ್ ಇದ್ದರೆ ಅದನ್ನು ಬಳಸಬೇಕಾದ್ದು ಇಂಥ ಕಡೆಯೇ.

ಇನ್ನೂ ಎರಡು ಮಾತು. ಡ್ರಿಲ್ ಮಾಡಿ ಚಾರ್ಜ್ ಮಾಡಿದ (ಸ್ಫೋಟಕ ತುಂಬಿದ) ಫೇಸ್, ಅಂದರೆ ಒಡೆಯಬೇಕಾದ ಬಂಡೆಯ ಮುಖ, ಹತ್ತಿರವಿದ್ದರೆ, ಮಿಸ್‌ಫೈರ್ (ಸಿಡಿಯದೆ ಉಳಿದ ಸ್ಫೋಟಕ) ಇರಬಹುದೆಂಬ ಅನುಮಾನವಿದ್ದರೆ, ಮೊಬೈಲ್‌ನ ರೇಡಿಯೋ ಸಿಗ್ನಲ್ ಎಲೆಕ್ಟ್ರಿಕ್ ಡಿಟೊನೇಟರ್‌ಗೆ ಅಪಾಯ. ಬ್ಲಾಸ್ಟರ್ ಕ್ಲಿಯರ್ ಅನ್ನುವವರೆಗೆ ಫೋನ್ ಹೊರಗೇ ಇರಲಿ. ಇನ್ನೊಂದು, ಜೀವ ಹೋಗಿದ್ದರೆ ಅಥವಾ ಗಂಭೀರ ಗಾಯವಾಗಿದ್ದರೆ ಜಾಗವನ್ನು ಕದಲಿಸುವ ಹಾಗಿಲ್ಲ. ಗಣಿ ಸುರಕ್ಷತೆಯ ನಿಯಮಗಳ ಪ್ರಕಾರ ಇನ್‌ಸ್ಪೆಕ್ಟರ್ ಬರುವ ತನಕ ಅಥವಾ ಅವರು ಒಪ್ಪುವ ತನಕ ಜಾಗ ಹಾಗೇ ಇರಬೇಕು. ಜನರನ್ನು ಉಳಿಸಲು, ಮೃತದೇಹ ಹೊರತರಲು, ಮತ್ತೊಂದು ಅಪಘಾತ ತಪ್ಪಿಸಲು ವಿನಾಯಿತಿ ಇದೆ. 72 ಗಂಟೆಯೊಳಗೆ ಪರಿಶೀಲನೆ ಆಗದಿದ್ದರೆ ಅಲ್ಲಿ ಕೆಲಸ ಮತ್ತೆ ಶುರು ಮಾಡಬಹುದು. ರಕ್ಷಣೆಗಾಗಿ ಏನಾದರೂ ಕದಲಿಸಲೇಬೇಕಾದರೆ, ಯಾರನ್ನೂ ತಡೆಯದೆ, ಕದಲಿಸುವ ಮುಂಚೆ ಒಂದು ವಿಡಿಯೋ ಮಾಡಿಟ್ಟುಕೊಂಡರೆ ಆಮೇಲೆ ಅದಕ್ಕೆ ಬೆಲೆ ಕಟ್ಟಲಾಗುವುದಿಲ್ಲ.

ಹಂತ 1: ಮೇಲೆ ಇರುವಾಗಲೇ ಫಾರ್ಮ್ ಸಿದ್ಧ ಮಾಡಿ

ಘಟನೆ ಆದ ದಿನ ಕೂತು ಫಾರ್ಮ್ ಮಾಡಲು ಆಗುವುದಿಲ್ಲ. ಶಾಂತವಾಗಿರುವಾಗಲೇ ಮಾಡಿಡಿ. ಫೋನಿನಲ್ಲಿ ಫಾರ್ಮ್ ತುಂಬಿಸುವ ಕೋಬೋಟೂಲ್‌ಬಾಕ್ಸ್ ಅಥವಾ ಒಡಿಕೆ ಸಾಕು. ಎರಡೂ ನೆಟ್‌ವರ್ಕ್ ಇಲ್ಲದೆ ಕೆಲಸ ಮಾಡುತ್ತವೆ. ಕೆಳಗೆ ತುಂಬಿಸಿ, ಮೇಲೆ ಲ್ಯಾಂಪ್ ರೂಮ್‌ಗೆ (ಕ್ಯಾಪ್ ಲ್ಯಾಂಪ್ ಕೊಡುವ ಕೋಣೆ) ಬಂದು ವೈಫೈ ಸಿಕ್ಕ ಮೇಲೆ ಕಳಿಸಬಹುದು. ಪ್ರಶ್ನೆಗಳನ್ನು ಎಕ್ಸೆಲ್ ಹಾಳೆಯಲ್ಲೇ ಬರೆಯುತ್ತೀರಿ, ಅದೇ ಫಾರ್ಮ್ ಆಗುತ್ತದೆ. ಒಂದೇ ಫಾರ್ಮ್‌ಗೆ ಎರಡು ಮೂರು ಭಾಷೆಯ ಪ್ರಶ್ನೆ ಹಾಕಬಹುದು. ಕನ್ನಡದಲ್ಲಿ ಖಂಡಿತ ಹಾಕಿ. ಇಂಗ್ಲಿಷ್ ಫಾರ್ಮ್ ಕೊಟ್ಟರೆ ಮೇಟ್ (ಕೆಲಸಗಾರರ ಗುಂಪಿನ ಮೇಲ್ವಿಚಾರಕ) ಅದನ್ನು ಇಂಜಿನಿಯರ್ ಕೈಗೆ ಕೊಡುತ್ತಾನೆ. ಕಣ್ಣಾರೆ ನೋಡಿದವನ ಬದಲು ಕೇಳಿದವನು ತುಂಬಿಸುತ್ತಾನೆ.

ಜಾಗದ ವಿವರಕ್ಕೆ ಜಿಪಿಎಸ್ ಮರೆತುಬಿಡಿ, ನೆಲದೊಳಗೆ ಅದು ಬರುವುದಿಲ್ಲ. ಫೋನ್ ಶಾಫ್ಟ್ (ಗಣಿಗೆ ಇಳಿಯುವ ಬಾವಿ) ಬಾಯಲ್ಲಿ ಹಿಡಿದ ಹಳೆಯ ಜಾಗವನ್ನೇ ಪ್ರತಿ ಫೋಟೋಗೂ ಅಂಟಿಸುತ್ತದೆ. ಆಮೇಲೆ ನಕ್ಷೆಯಲ್ಲಿ ಎಲ್ಲ ಹಾನಿಯೂ ಶಾಫ್ಟ್ ಮೇಲೇ ಕೂತಿರುತ್ತದೆ. ಅದಕ್ಕೆ ಲೊಕೇಶನ್ ಆಫ್ ಮಾಡಿ. ಬದಲಿಗೆ ಸರ್ವೆಯವರು ಗುರುತಿಗೆ ಹೊಡೆದ ಪೆಗ್‌ನ ನಂಬರ್, ಅಲ್ಲಿಂದ ಎಷ್ಟು ಮೀಟರ್, ಯಾವ ದಿಕ್ಕಿಗೆ ಅಂತ ಬರೆಯಿರಿ. ಜೊತೆಗೆ ಛಾವಣಿಯೋ, ನೆಲವೋ, ಹ್ಯಾಂಗಿಂಗ್ ವಾಲೋ (ಅದಿರಿನ ಮೇಲ್ಬದಿಯ ಬಂಡೆ), ಫುಟ್ ವಾಲೋ (ಕೆಳಬದಿಯದು) ಅನ್ನೋದು. ‘ಎಡ ಗೋಡೆ’ ಅಂತ ಬರೆಯಬೇಡಿ. ಒಳಗೆ ಹೋಗುವವರ ಎಡ ಹೊರಗೆ ಬರುವವರ ಬಲ.

ಘಟನೆ ಯಾವ ಬಗೆಯದು ಅನ್ನೋ ಪ್ರಶ್ನೆ ಬೇಕೇ ಬೇಕು. ಬಾಯಿ ಮಾತಲ್ಲಿ ಎಲ್ಲದಕ್ಕೂ ಏರ್‌ಬ್ಲಾಸ್ಟ್ ಅನ್ನುತ್ತೇವೆ. ಆದರೆ ದೊಡ್ಡ ಖಾಲಿ ಸ್ಟೋಪ್ (ಅದಿರು ತೆಗೆದ ಪೊಳ್ಳು ಜಾಗ) ಕುಸಿದು ಗಾಳಿ ನುಗ್ಗುವುದು ಬೇರೆ, ಬಂಡೆ ಸಿಡಿಯುವುದು ಬೇರೆ. ಸಿಡಿತದಲ್ಲೂ ಬಗೆಗಳಿವೆ. ಡ್ರೈವ್‌ನ ಮೈಯಲ್ಲೇ ಚಕ್ಕೆಯಾಗಿ ಸಿಡಿಯುವುದು ಒಂದು, ಆಧಾರಕ್ಕೆ ಬಿಟ್ಟ ಬಂಡೆಯ ಪಿಲ್ಲರ್ ಒಡೆಯುವುದು ಇನ್ನೊಂದು, ದೂರದ ಬಿರುಕು ಜಾರಿ ಅದರ ಅದುರಿಕೆಗೆ ಇಲ್ಲಿ ಕಲ್ಲು ಬೀಳುವುದು ಮತ್ತೊಂದು. ‘ಗೊತ್ತಿಲ್ಲ’ ಅನ್ನೋ ಆಯ್ಕೆಯನ್ನೂ ಇಡಿ. ಅದಿಲ್ಲದಿದ್ದರೆ ಜನ ಸುಮ್ನೆ ಮೊದಲನೆಯದನ್ನು ಒತ್ತುತ್ತಾರೆ.

ಸಮಯಕ್ಕೆ ಎರಡು ಜಾಗ ಬೇಕು: ಸದ್ದು ಕೇಳಿದ ಸಮಯ, ನೀವು ನೋಡಲು ಹೋದ ಸಮಯ. ಕಂಪನ ಯಂತ್ರಗಳು ಸಾಮಾನ್ಯವಾಗಿ ಅಂತರರಾಷ್ಟ್ರೀಯ ಸಮಯ ಬರೆಯುತ್ತವೆ. ನಮ್ಮದು ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಹಾಗಾಗಿ 14ನೇ ತಾರೀಕು ನಸುಕಿನ 2 ಗಂಟೆಗೆ ನಮ್ಮಲ್ಲಿ ಆದ ಸಿಡಿತ ಯಂತ್ರದಲ್ಲಿ 13ನೇ ತಾರೀಕು ರಾತ್ರಿ 8:30 ಅಂತ ಇರುತ್ತದೆ. ರಾತ್ರಿ ಪಾಳಿಯ ಘಟನೆಗಳು ತಪ್ಪು ದಿನಕ್ಕೆ ಸೇರಿಕೊಳ್ಳುವುದು ಹೀಗೆ. ಫಾರ್ಮ್‌ನಲ್ಲಿ ‘ಭಾರತೀಯ ಸಮಯ’ ಅಂತಲೇ ಬರೆದುಬಿಡಿ.

ಹಂತ 2: ಮೊದಲ ಸುತ್ತಿನ ಫೋಟೋ

ಮಕ್ ಎತ್ತುವ ಮುಂಚೆ ಇದು ಆಗಬೇಕು. ಹಾನಿ ಶುರುವಾಗುವ ಜಾಗಕ್ಕಿಂತ ಹಿಂದಿನಿಂದ ವಿಡಿಯೋ ಶುರು ಮಾಡಿ, ಒಂದೇ ವೇಗದಲ್ಲಿ ಮುಂದೆ ಹೋಗಿ, ಬಾಯಲ್ಲಿ ಹೇಳುತ್ತಾ ಹೋಗಿ: ‘ಇದು ಇಂಥ ಪೆಗ್, ಈಗ ಉತ್ತರಕ್ಕೆ ನೋಡುತ್ತಿದ್ದೇನೆ, ಫುಟ್ ವಾಲ್ ಸರಿಯಿದೆ.’ ಆಮೇಲೆ ಪ್ರತಿ ಎರಡು ಮೂರು ಮೀಟರ್‌ಗೆ ನಿಂತು ಛಾವಣಿ, ಎರಡು ಗೋಡೆ, ನೆಲ, ನಾಲ್ಕೂ ಫೋಟೋ. ಪ್ರತಿ ಚೌಕಟ್ಟಿನಲ್ಲಿ ಒಂದು ಅಳತೆ ಪಟ್ಟಿ, ನಂಬರ್ ಬರೆದ ಬೋರ್ಡ್, ಉತ್ತರ ತೋರಿಸುವ ಬಾಣ ಇರಲಿ.

ಬೆಳಕಿನ ವಿಷಯದಲ್ಲಿ ಸ್ವಲ್ಪ ತಾಳ್ಮೆ ಬೇಕು. ಸಿಡಿತದ ನಂತರ ಗಾಳಿಯಲ್ಲಿ ಧೂಳು ತೇಲುತ್ತಿರುತ್ತದೆ. ಫೋನಿನ ಫ್ಲ್ಯಾಶ್ ಹಾಕಿದರೆ ಧೂಳೇ ಬಿಳಿ ಚುಕ್ಕೆಯಾಗಿ ಫೋಟೋ ತುಂಬುತ್ತದೆ, ಬಂಡೆ ಕಾಣುವುದಿಲ್ಲ. ಫ್ಲ್ಯಾಶ್ ಆಫ್ ಮಾಡಿ, ಎರಡು ದೀಪಗಳನ್ನು ಎರಡು ಪಕ್ಕದಿಂದ ಓರೆಯಾಗಿ ಬಿಡಿ. ಓರೆ ಬೆಳಕಲ್ಲಿ ಬಿರುಕು, ಉಬ್ಬು, ತಗ್ಗು ಎಲ್ಲ ನೆರಳಾಗಿ ಎದ್ದು ಕಾಣುತ್ತವೆ. ಕೆಳಗಿನ ಲೆವೆಲ್‌ಗಳಲ್ಲಿ ಸೆಕೆ ಮತ್ತು ತೇವ ಜಾಸ್ತಿ. ತಣ್ಣನೆ ಫೋನ್ ತೆಗೆದ ಕೂಡಲೇ ಲೆನ್ಸ್ ಮೇಲೆ ಮಂಜು ಕೂರುತ್ತದೆ. ಸ್ವಲ್ಪ ಮುಂಚೆಯೇ ಚೀಲದಿಂದ ತೆಗೆದು ಅಲ್ಲಿನ ಗಾಳಿಗೆ ಹೊಂದಲು ಬಿಡಿ. ಒರೆಸಲು ಒಣ ಬಟ್ಟೆ ಪ್ಲಾಸ್ಟಿಕ್ ಕವರ್‌ನಲ್ಲಿ ಇರಲಿ.

ಫೋನಿನ ಬ್ಯೂಟಿ, ಎಐ ಸುಧಾರಣೆ, ಫಿಲ್ಟರ್ ಎಲ್ಲ ಬಂದ್ ಮಾಡಿ. ಆ ಸಾಫ್ಟ್‌ವೇರ್‌ಗೆ ಕೂದಲೆಳೆ ಬಿರುಕು ಕಲೆಯ ಹಾಗೆ ಕಾಣುತ್ತದೆ, ನಯ ಮಾಡಿ ಅಳಿಸಿಬಿಡುತ್ತದೆ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಬೇಡಿ. ಗಾತ್ರ ಕುಗ್ಗುತ್ತದೆ, ತೆಗೆದ ಸಮಯದ ಮಾಹಿತಿಯೂ ಹೋಗುತ್ತದೆ. ತುರ್ತಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಮೂಲ ಫೈಲ್ ಅಂತೂ ಫೋನಿನಿಂದ ನೇರ ಕಂಪ್ಯೂಟರ್‌ಗೇ ಹೋಗಬೇಕು.

ಹಂತ 3: ಅಳತೆ, ಅಂದರೆ ಮೂರು ಆಯಾಮದ ಚಿತ್ರ

ಇಲ್ಲಿ ಮೂರು ದಾರಿಗಳಿವೆ. ನಿಮ್ಮ ಗಣಿಯಲ್ಲಿ ಏನಿದೆ ಅನ್ನುವುದರ ಮೇಲೆ ಆಯ್ಕೆ.

ಕಡಿಮೆ ಖರ್ಚಿನದು ಫೋಟೋಗಳಿಂದಲೇ ಮಾದರಿ ಕಟ್ಟುವುದು. ಒಂದು ಫೋಟೋದಲ್ಲಿ ಕಂಡದ್ದು ಮುಂದಿನದರಲ್ಲೂ ಶೇ 70–80ರಷ್ಟು ಕಾಣುವ ಹಾಗೆ ಒಂದರ ಮೇಲೊಂದು ತೆಗೆಯುತ್ತಾ ಹೋಗಿ. ಮೆಶ್‌ರೂಮ್ ಉಚಿತ, ಮೆಟಾಶೇಪ್ ದುಡ್ಡಿನದು. ಎರಡೂ ಈ ಫೋಟೋಗಳಿಂದ ಬಂಡೆಯ ಮೈಯನ್ನು ಕಟ್ಟಿಕೊಡುತ್ತವೆ. ತೆಗೆಯುವಾಗ ದೀಪ ಓಡಾಡಬಾರದು. ಕ್ಯಾಪ್ ಲ್ಯಾಂಪ್ ತಲೆಯ ಜೊತೆ ತಿರುಗಿದರೆ ನೆರಳೂ ತಿರುಗುತ್ತದೆ, ಸಾಫ್ಟ್‌ವೇರ್‌ಗೆ ಗೊಂದಲ. ದೀಪಗಳನ್ನು ನೆಲದ ಮೇಲೆ ಇಟ್ಟುಬಿಡಿ.

ಎರಡನೆಯದು ಲೈಡಾರ್ (ಲೇಸರ್ ಬೆಳಕಿನಿಂದ ದೂರ ಅಳೆಯುವ ಸಾಧನ) ಇರುವ ಫೋನ್. 2020ರಿಂದ ಐಪ್ಯಾಡ್ ಪ್ರೋ ಮತ್ತು ಐಫೋನ್ ಪ್ರೋ ಮಾದರಿಗಳಲ್ಲಿ ಇದೆ. ಸುಮಾರು 5 ಮೀಟರ್ ದೂರದವರೆಗೆ ಕೆಲಸ ಮಾಡುತ್ತದೆ. ಡ್ರೈವ್‌ಗೆ ಸಾಕು, ಸ್ಟೋಪ್‌ಗೆ ಸಾಲದು. ಕೂದಲೆಳೆ ಬಿರುಕು ಇದರಲ್ಲಿ ಸಿಗುವುದಿಲ್ಲ, ಗುಂಡಿಯ ಆಕಾರ ಮತ್ತು ಆಳ ಮಾತ್ರ.

ಮೂರನೆಯದು ಕೈಯಲ್ಲಿ ಹಿಡಿದು ನಡೆಯುವ ಸ್ಲ್ಯಾಮ್ ಸ್ಕ್ಯಾನರ್ (ಸುತ್ತಲಿನದನ್ನು ಅಳೆಯುತ್ತಲೇ ತಾನೆಲ್ಲಿದ್ದೇನೆ ಅಂತ ಲೆಕ್ಕ ಹಾಕುವ ಯಂತ್ರ), ಅಥವಾ ಅದನ್ನೇ ಹೊತ್ತ ಡ್ರೋನ್. ನಡೆದಂತೆ ಇಡೀ ಡ್ರೈವ್ ಸ್ಕ್ಯಾನ್ ಆಗುತ್ತದೆ. ಆದರೆ ಉದ್ದನೆಯ, ಒಂದೇ ತರಹದ ಡ್ರೈವ್‌ನಲ್ಲಿ ಇದು ನಿಧಾನಕ್ಕೆ ದಾರಿ ತಪ್ಪುತ್ತದೆ. ಅದಕ್ಕೆ ಶುರು ಮಾಡಿದ ಜಾಗಕ್ಕೇ ವಾಪಸ್ ಬಂದು ಮುಗಿಸಿ. ಆಗ ಸಾಫ್ಟ್‌ವೇರ್ ತಪ್ಪನ್ನು ಹಂಚಿ ಸರಿಪಡಿಸುತ್ತದೆ.

ಯಾವ ದಾರಿ ಹಿಡಿದರೂ ಸರ್ವೆ ಪಾಯಿಂಟ್‌ಗಳಿಗೆ ಕಟ್ಟಲೇಬೇಕು. ಒಂದೇ ಸಾಲಿನಲ್ಲಿ ಇಲ್ಲದ ಕನಿಷ್ಠ ಮೂರು ಗುರುತು ಬೇಕು, ನಾಲ್ಕು ಇದ್ದರೆ ಒಳ್ಳೆಯದು. ಕಪ್ಪು-ಬಿಳಿ ಚೌಕದ ಹಾಳೆಗಳನ್ನು ಗಟ್ಟಿ ಬಂಡೆಗೆ ಅಂಟಿಸಿ. ಸರ್ವೆಯರ್ ಟೋಟಲ್ ಸ್ಟೇಷನ್ ಅನ್ನೋ ಅಳತೆ ಯಂತ್ರದಿಂದ ಅವನ್ನು ಅಳೆಯಲಿ. ಹಾನಿಯಾದ ಜಾಗದ ಒಳಗೆ ಅಂಟಿಸಬೇಡಿ, ಅದೇ ಕದಲಬಹುದು.

ಹಳೆಯ ಸ್ಕ್ಯಾನ್ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಕ್ಲೌಡ್‌ಕಂಪೇರ್ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಹಳೆಯದು, ಹೊಸದು ಎರಡನ್ನೂ ಹಾಕಿ ವ್ಯತ್ಯಾಸ ತೆಗೆಯಬಹುದು. ಅದರಲ್ಲಿ ಎಂ3ಸಿ2 ಅನ್ನೋ ವಿಧಾನ ಇದೆ, ಒರಟು ಮೈಗೆ ಅದು ಸರಿ. ಎಲ್ಲಿ ಕಲ್ಲು ಹೋಗಿದೆ, ಎಲ್ಲಿ ಗೋಡೆ ಉಬ್ಬಿದೆ ಅನ್ನೋದು ಬಣ್ಣದಲ್ಲಿ ಕಾಣುತ್ತದೆ. ಉಬ್ಬಿದ ಗೋಡೆ ಕಣ್ಣಿಗೆ ಸರಿಯಾಗಿಯೇ ಕಂಡಿರುತ್ತದೆ, ಜಾಲರಿಯ ಹಿಂದೆ ಒಡೆದ ಕಲ್ಲು ಕೂತಿರುತ್ತದೆ. ಸ್ಕ್ಯಾನ್ ಇಲ್ಲದಿದ್ದರೆ ಅದು ತಿಳಿಯುವುದು ಮುಂದಿನ ಸಿಡಿತದಲ್ಲಿ. ಆದ್ದರಿಂದ ಅಪಾಯದ ಡ್ರೈವ್‌ಗಳನ್ನು, ಪಿಲ್ಲರ್ ಪಕ್ಕದ ಜಾಗಗಳನ್ನು ಏನೂ ಆಗದಿದ್ದಾಗಲೇ ಒಮ್ಮೆ ಸ್ಕ್ಯಾನ್ ಮಾಡಿಡಿ ಅಂತ ಕೈಮುಗಿದು ಕೇಳಿಕೊಳ್ಳುತ್ತೇನೆ.

ಹಂತ 4: ಎಷ್ಟು ಟನ್? ಇಲ್ಲಿ ಎಡವುವುದು ಸುಲಭ

ಬಂಡೆಯ ಹಾನಿಗೆ ಕೆನಡಾದಲ್ಲಿ ರೂಪುಗೊಂಡ ಐದು ಹಂತದ ಅಳತೆಗೋಲನ್ನು ತುಂಬ ಕಡೆ ಬಳಸುತ್ತಾರೆ. ಆರ್1 ಅಂದರೆ ಹಾನಿ ಇಲ್ಲ. ಆರ್2, 1 ಟನ್‌ಗಿಂತ ಕಡಿಮೆ. ಆರ್3, 1ರಿಂದ 10 ಟನ್. ಆರ್4, 10ರಿಂದ 100. ಆರ್5, 100 ಟನ್‌ಗಿಂತ ಮೇಲೆ. ನೋಡಲು ಸರಳ. ಗಡಿಯ ಹತ್ತಿರ ಬಂದಾಗ ನೋಡಿ.

ಫುಟ್ ವಾಲ್‌ನಲ್ಲಿ 4 ಮೀಟರ್ ಉದ್ದ, 2 ಮೀಟರ್ ಎತ್ತರ, ಸರಾಸರಿ 0.4 ಮೀಟರ್ ಆಳದ ಗುಂಡಿ ಬಿದ್ದಿದೆ ಅಂತ ಇಟ್ಟುಕೊಳ್ಳಿ. 3.2 ಘನ ಮೀಟರ್ ಆಯಿತು. ಆಂಫಿಬೊಲೈಟ್ ಘನ ಮೀಟರ್‌ಗೆ ಸುಮಾರು 2.9 ಟನ್ ತೂಗುತ್ತದೆ. ಹಾಗಾಗಿ 9.3 ಟನ್, ಅಂದರೆ ಆರ್3. ಅದೇ ಆಳವನ್ನು 0.45 ಅಂತ ಅಂದಾಜಿಸಿದರೆ 10.4 ಟನ್, ಆರ್4. ಐದು ಸೆಂಟಿಮೀಟರ್‌ನಲ್ಲಿ ಒಂದು ದರ್ಜೆ ಬದಲಾಯಿತು! ಕಣ್ಣಂದಾಜಿಗೆ ಐದು ಸೆಂಟಿಮೀಟರ್ ಏನೂ ಅಲ್ಲ, ಅಲ್ವಾ? ಸ್ಕ್ಯಾನ್ ಬೇಕು ಅನ್ನುವುದು ಇದಕ್ಕೇ. ಫಾರ್ಮ್‌ನಲ್ಲಿ ದರ್ಜೆ ಮಾತ್ರ ಬರೆಯದೆ ಉದ್ದ, ಎತ್ತರ, ಆಳಗಳನ್ನೂ ಬರೆಯಿಸಿ ಅನ್ನುವುದೂ ಇದಕ್ಕೇ. ದರ್ಜೆಯನ್ನು ಆಮೇಲೆ ಯಾರಾದರೂ ಲೆಕ್ಕ ಹಾಕಬಹುದು. ಅಳತೆಯನ್ನು ಆಮೇಲೆ ಯಾರೂ ತರಲಾರರು.

ಇನ್ನೊಂದು ತಪ್ಪು ಮಕ್ ರಾಶಿಯಿಂದ ಲೆಕ್ಕ ಹಾಕುವುದು. ಒಡೆದ ಕಲ್ಲಿನ ಮಧ್ಯೆ ಖಾಲಿ ಜಾಗ ಇರುತ್ತದೆ, ರಾಶಿ ಮೂಲಕ್ಕಿಂತ ಸುಮಾರು ಒಂದೂವರೆ ಪಟ್ಟು ದೊಡ್ಡದಾಗಿ ಕಾಣುತ್ತದೆ. ಮೇಲಿನ 3.2 ಘನ ಮೀಟರ್ ನೆಲದ ಮೇಲೆ 4.8 ಆಗಿ ಕೂತಿರುತ್ತದೆ. ಅದನ್ನೇ 2.9ರಿಂದ ಗುಣಿಸಿದರೆ ಸುಮಾರು 14 ಟನ್ ಬರುತ್ತದೆ. ಗುಂಡಿಯಿಂದ ಒಂದು ಲೆಕ್ಕ, ರಾಶಿಯಿಂದ ಇನ್ನೊಂದು, ಎರಡೂ ಬರೆದು, ಯಾವುದರಿಂದ ಬಂದದ್ದು ಅಂತ ಗುರುತಿಸಿ.

ಕಲ್ಲು ಎಷ್ಟು ವೇಗವಾಗಿ ಎಸೆಯಲ್ಪಟ್ಟಿತು ಅನ್ನೋದನ್ನೂ ಟೇಪ್‌ನಿಂದ ಅಂದಾಜಿಸಬಹುದು. ಗೋಡೆಯಲ್ಲಿ ನೆಲದಿಂದ 1.5 ಮೀಟರ್ ಎತ್ತರದ ಜಾಗದಿಂದ ಬಂದ ಕಲ್ಲು 2.2 ಮೀಟರ್ ದೂರ ಬಿದ್ದಿದ್ದರೆ, ಅದು ಸೆಕೆಂಡಿಗೆ ಸುಮಾರು 4 ಮೀಟರ್ ವೇಗದಲ್ಲಿ ಹೊರಟಿತ್ತು. ಲೆಕ್ಕ ಹೀಗೆ: ಎತ್ತರವನ್ನು ಎರಡರಿಂದ ಗುಣಿಸಿ, 9.81ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಬೀಳಲು ಹಿಡಿದ ಸೆಕೆಂಡ್ ಸಿಗುತ್ತದೆ. ದೂರವನ್ನು ಅದರಿಂದ ಭಾಗಿಸಿ. ಬಿದ್ದ ಮೇಲೆ ಉರುಳಿರಬಹುದಾದ ಕಲ್ಲನ್ನು ಬಿಟ್ಟು, ನೆಲಕ್ಕೆ ಬಡಿದ ಗುರುತಿನಲ್ಲೇ ನಿಂತ ಕಲ್ಲು ಹುಡುಕಿ. ಬೋಲ್ಟ್ ಎಷ್ಟು ಶಕ್ತಿ ತಡೆಯಬೇಕಾಗುತ್ತದೆ ಅನ್ನೋ ಲೆಕ್ಕಕ್ಕೆ ಈ ವೇಗ ನೇರವಾಗಿ ಬೇಕಾಗುತ್ತದೆ.

ಹಂತ 5: ಬೋಲ್ಟ್ ಬೋಲ್ಟ್ ನೋಡಿ

ಬಂಡೆಗೆ ಇರುವ ಹಾಗೆ ಆಧಾರಕ್ಕೂ ಎಸ್0ರಿಂದ ಎಸ್5ರವರೆಗೆ ಅಳತೆಗೋಲಿದೆ. ಏನೂ ಬದಲಾಗಿಲ್ಲ ಅನ್ನುವುದರಿಂದ ಪೂರ್ತಿ ಹಾಳಾಗಿದೆ ಅನ್ನುವವರೆಗೆ. ಆದರೆ ಒಟ್ಟು ದರ್ಜೆ ಒಂದನ್ನೇ ಬರೆದು ನಿಲ್ಲಿಸಬೇಡಿ. ಫಾರ್ಮ್‌ನಲ್ಲಿ ಪ್ರತಿ ಬೋಲ್ಟ್‌ಗೂ ಮತ್ತೆ ಮತ್ತೆ ತೆರೆಯುವ ಪುಟ ಮಾಡಿ. ಒಡಿಕೆಯಲ್ಲಿ ಇದಕ್ಕೆ ರಿಪೀಟ್ ಅಂತಾರೆ.

ಹತ್ತಿರದಿಂದ ನೋಡಬೇಕಾದ್ದು ತುಂಡಾದ ಬಾಯಿ. ಲೋಹ ಹೊಳೆಯುತ್ತಿದ್ದರೆ ಈಗ ಮುರಿದದ್ದು. ತುಕ್ಕು ಹಿಡಿದಿದ್ದರೆ ಹಿಂದೆಯೇ ಮುರಿದಿತ್ತು, ಈ ಸಿಡಿತಕ್ಕೆ ಅದು ಆಧಾರವೇ ಆಗಿರಲಿಲ್ಲ. ಅರ್ಧ ತುಕ್ಕು ಅರ್ಧ ಹೊಳಪು ಇದ್ದರೆ ಬಿರುಕು ಮೊದಲೇ ಇತ್ತು. ಕುತ್ತಿಗೆ ಸಣ್ಣಗಾಗಿ ಬಟ್ಟಲಿನಂತೆ ತುಂಡಾಗಿದ್ದರೆ ಎಳೆತಕ್ಕೆ ಹೋಗಿದೆ. ಓರೆಯಾಗಿ, ಪಕ್ಕಕ್ಕೆ ಬಾಗಿ ತುಂಡಾಗಿದ್ದರೆ ಬಂಡೆಯ ಪದರ ಜಾರಿ ಕತ್ತರಿಸಿದೆ. ನಟ್ ಹತ್ತಿರದ ಥ್ರೆಡ್‌ನಲ್ಲಿ ಮುರಿದದ್ದು ಇನ್ನೊಂದು ಬಗೆ. ಬೋಲ್ಟ್ ಸರಿಯಿದ್ದು ಪ್ಲೇಟ್ ಚಪ್ಪಟೆಯಾಗಿ ಅದರ ಮೇಲಿಂದ ಕಳಚಿ ಹೋಗಿದ್ದರೆ, ದೋಷ ಬೋಲ್ಟ್‌ನದಲ್ಲ. ಪ್ಲೇಟ್‌ನ ಗುಮ್ಮಟ ಅರ್ಧ ಒಳಗೆ ಕುಸಿದು ನಿಂತಿದ್ದರೆ ಬೋಲ್ಟ್ ಭಾರ ಹೊತ್ತಿದೆ, ಉಳಿದಿದೆ. ಅದೂ ಬರೆಯಿರಿ. ಸ್ಪ್ಲಿಟ್ ಸೆಟ್ (ಸೀಳಿದ ಕೊಳವೆಯಂಥ ಬೋಲ್ಟ್) ಆದರೆ ಎಷ್ಟು ಸೆಂಟಿಮೀಟರ್ ಹೊರಗೆ ಜಾರಿದೆ ನೋಡಿ. ಹೊಸದಾಗಿ ಹೊರಬಂದ ಭಾಗದಲ್ಲಿ ಧೂಳು ಕೂತಿರುವುದಿಲ್ಲ, ಹಾಗಾಗಿ ಅಳೆಯುವುದು ಸುಲಭ.

ಜಾಲರಿ ಸಾಮಾನ್ಯವಾಗಿ ಎರಡು ಹಾಳೆ ಸೇರುವ ಕಡೆ ಬಿಚ್ಚಿಕೊಳ್ಳುತ್ತದೆ. ಹರಿದದ್ದು ಜೋಡಣೆಯಲ್ಲೋ, ಪ್ಲೇಟ್ ಅಂಚಿನಲ್ಲೋ, ನಡುವೆಯೋ ಅಂತ ಬರೆದು, ಎಷ್ಟು ಕೆಳಗೆ ಜೋತಿದೆ ಅಳೆಯಿರಿ. ಶಾಟ್‌ಕ್ರೀಟ್ (ಗೋಡೆಗೆ ಸಿಂಪಡಿಸಿದ ಕಾಂಕ್ರೀಟ್) ಇದ್ದರೆ ಒಡೆದ ಅಂಚಿನಲ್ಲಿ ದಪ್ಪ ನೋಡಿ. ಬಿದ್ದ ತುಂಡನ್ನು ತಿರುಗಿಸಿ: ಹಿಂಬದಿಗೆ ಕಲ್ಲಿನ ಪದರ ಅಂಟಿಕೊಂಡಿದ್ದರೆ ಹಿಡಿತ ಚೆನ್ನಾಗಿತ್ತು. ಬರೀ ಧೂಳು ಇದ್ದರೆ ತೊಳೆಯದ ಗೋಡೆಗೆ ಹೊಡೆದಿದ್ದಾರೆ.

ಬಂಡೆಯ ಮೈಗೂ ಇದೇ ಕಣ್ಣು ಬೇಕು. ತಾಜಾ, ಚೂಪು ಅಂಚಿನ, ತೆಳು ಚಕ್ಕೆಗಳು ಇದ್ದರೆ ಬಂಡೆಯೇ ಹೊಸದಾಗಿ ಒಡೆದಿದೆ. ನಯವಾದ, ಹಸಿರು ಕ್ಲೋರೈಟ್ ಅಥವಾ ಬಿಳಿ ಕ್ಯಾಲ್ಸೈಟ್ ಮೆತ್ತಿದ ಮೈ ಇದ್ದರೆ ಹಳೆಯ ಬಿರುಕಿನಲ್ಲಿ ಕಳಚಿದೆ. ಎರಡರ ಚಿಕಿತ್ಸೆ ಬೇರೆ ಬೇರೆ.

ಹಂತ 6: ಕೆಡದ ಜಾಗ

ಹಾನಿ ಮುಗಿದ ಕಡೆಯಿಂದ ಎರಡೂ ದಿಕ್ಕಿಗೆ ಇನ್ನೂ 20 ಮೀಟರ್‌ನಷ್ಟಾದರೂ ಹೋಗಿ, ಅದೇ ಫಾರ್ಮ್ ತುಂಬಿಸಿ. ಬೋಲ್ಟ್ ಬಗೆ, ಉದ್ದ, ಅಂತರ, ಜಾಲರಿ, ಡ್ರೈವ್‌ನ ಅಗಲ, ಕಲ್ಲು, ಆರ್1, ಎಸ್0. ಬೇಸರದ ಕೆಲಸ, ನಿಜ. ಪಾಳಿ ಮುಗಿಯುವ ಹೊತ್ತಾಗಿರುತ್ತದೆ, ಎಲ್ಲರೂ ಕೇಜ್ (ಮೇಲೆ ಹೋಗುವ ಲಿಫ್ಟ್) ಕಡೆ ನೋಡುತ್ತಿರುತ್ತಾರೆ. ಆದರೂ ಬಿಡಬೇಡಿ.

ಕಾರಣ ಸರಳ. ಹಾಳಾದ ಜಾಗಗಳ ಪಟ್ಟಿ ಮಾತ್ರ ಇದ್ದು, ಅಲ್ಲೆಲ್ಲ 1.8 ಮೀಟರ್ ಬೋಲ್ಟ್ ಇತ್ತು ಅಂತ ಗೊತ್ತಾದರೆ ಏನು ತಿಳಿಯಿತು? ಇಡೀ ಲೆವೆಲ್‌ನಲ್ಲಿ ಅದೇ ಬೋಲ್ಟ್ ಇದ್ದರೆ ಏನೂ ತಿಳಿಯಲಿಲ್ಲ. ಅದೇ ಅದುರಿಕೆ ತಿಂದು, ಅದೇ ಬೋಲ್ಟ್ ಇದ್ದು, ಉಳಿದುಕೊಂಡ ಜಾಗ ಪಕ್ಕದಲ್ಲಿದ್ದರೆ ಆಗ ಹೋಲಿಸಬಹುದು. ಬೋಲ್ಟ್ ಅಂತರ ಬೇರೆಯಿತ್ತೇ? ಜಾಲರಿ ನೆಲದವರೆಗೆ ಇಳಿದಿತ್ತೇ, ಗೋಡೆಯ ಅರ್ಧಕ್ಕೇ ನಿಂತಿತ್ತೇ? ಕ್ರಾಸ್‌ಕಟ್ (ಅಡ್ಡ ಸುರಂಗ) ಮೂಲೆಯಲ್ಲೇ ಯಾಕೆ ಹಾನಿ? ಆಧಾರ ಬದಲಿಸಿ ಅಂತ ಮೇಲಿನವರನ್ನು ಒಪ್ಪಿಸುವ ಬಲ ಈ ಹೋಲಿಕೆಗೆ ಇದೆ.

ಹಂತ 7: ಜನರ ಮಾತು, ಯಂತ್ರದ ಮಾತು

ಅಲ್ಲಿದ್ದವರ ಮಾತನ್ನು ಧ್ವನಿಯಲ್ಲೇ ದಾಖಲಿಸಿ, ಅವರ ಅಪ್ಪಣೆ ಕೇಳಿ. ಹಟ್ಟಿಯಲ್ಲಿ ಕನ್ನಡ, ಉರ್ದು, ತೆಲುಗು ಎಲ್ಲ ನಡೆಯುತ್ತದೆ. ಅವರಿಗೆ ಸಲೀಸಾದ ಭಾಷೆಯಲ್ಲಿ ಹೇಳಲಿ. ‘ಬೋಲ್ಟ್ ಸಡಿಲ ಇತ್ತಾ?’ ಅಂತ ಕೇಳಬೇಡಿ. ‘ಮೊದಲು ಏನು ಕೇಳಿಸಿತು, ಧೂಳು ಎಲ್ಲಿಂದ ಬಂತು, ನೆಲ ಹೇಗಾಯಿತು?’ ಅಂತ ಕೇಳಿ. ಹಿಂದಿನ ಪಾಳಿಯಲ್ಲಿ ಬಂಡೆ ಚಟಪಟ ಅಂದಿತ್ತೇ ಅನ್ನೋದು ತುಂಬ ಮುಖ್ಯ. ಹೆಸರು ಬೇಡ, ಕೆಲಸ ಸಾಕು: ಡ್ರಿಲ್ಲರ್, ಹೆಲ್ಪರ್, ಮೇಟ್. ಹೆಸರು ಬರೆದ ದಿನದಿಂದ ಜನ ಬಾಯಿ ಮುಚ್ಚುತ್ತಾರೆ.

ಕಂಪನ ಜಾಲ ಇದ್ದರೆ ಆ ಘಟನೆಯ ನಂಬರ್ ಅನ್ನು ಪ್ರತಿ ಹಾನಿ ದಾಖಲೆಗೂ ಸೇರಿಸಿ. ಸಮಯ, ಪ್ರಮಾಣ, ಜಾಗ, ಜಾಗದಲ್ಲಿ ಎಷ್ಟು ಮೀಟರ್ ಆಚೀಚೆ ಇರಬಹುದು ಅನ್ನೋದನ್ನೂ. ಸಿಡಿತದ ಮೂಲ ಒಂದು ಕಡೆ, ಹಾನಿ ಇನ್ನೊಂದು ಕಡೆ ಇರುವುದು ಮಾಮೂಲು. ಒಂದೇ ಘಟನೆಗೆ ಎರಡು ಲೆವೆಲ್‌ನಲ್ಲಿ ಹಾನಿ ಆಗಬಹುದು. ಹಾಗಾಗಿ ಘಟನೆ ಒಂದು ಪಟ್ಟಿ, ಹಾನಿಯ ಜಾಗಗಳು ಇನ್ನೊಂದು ಪಟ್ಟಿ, ನಡುವೆ ನಂಬರ್ ಕೊಂಡಿ. ಜಾಲ ಇಲ್ಲದಿದ್ದರೆ ಹತ್ತಿರದ ಬ್ಲಾಸ್ಟ್ ಎಷ್ಟು ಹೊತ್ತಿಗೆ, ಯಾವ ಸ್ಟೋಪ್‌ನಲ್ಲಿ ಆಯಿತು ಅಂತ ಬರೆದಿಡಿ. ಬ್ಲಾಸ್ಟ್ ಆದ ಕೂಡಲೇ ಆಗುವ ಸಿಡಿತಗಳು ಜಾಸ್ತಿ.

ಹಂತ 8: ಇಡುವುದು, ನೋಡುವುದು

ಫೈಲ್ ಹೆಸರಿಗೆ ಒಂದೇ ಕ್ರಮ: ವರ್ಷ-ತಿಂಗಳು-ದಿನ, ಲೆವೆಲ್, ಪೆಗ್, ಕ್ರಮಸಂಖ್ಯೆ. ಮೂರು ಪ್ರತಿ, ಎರಡು ಬೇರೆ ಬಗೆಯ ಸಾಧನ, ಒಂದು ಗಣಿ ಕಚೇರಿಯ ಹೊರಗೆ. ಪಟ್ಟಿಗಳು ಸಿಎಸ್‌ವಿಯಲ್ಲಿ, ಸ್ಕ್ಯಾನ್‌ಗಳು ಲಾಝ್ ಅಥವಾ ಇ57ನಲ್ಲಿ ಇರಲಿ. ಒಂದೇ ಕಂಪನಿಯ ಸಾಫ್ಟ್‌ವೇರ್‌ನಲ್ಲಿ ಮಾತ್ರ ತೆರೆಯುವ ಫೈಲ್ ಲೈಸೆನ್ಸ್ ಮುಗಿದ ದಿನ ಸತ್ತ ಹಾಗೆ.

ನಕ್ಷೆಗೆ ಕ್ಯೂಜಿಐಎಸ್ ಸಾಕು, ಉಚಿತ. ಆದರೆ ಹಟ್ಟಿಯ ಅದಿರು ಪದರಗಳು ಕಡಿದಾಗಿ ಇಳಿಯುತ್ತವೆ. ಮೇಲಿನಿಂದ ನೋಡುವ ನಕ್ಷೆಯಲ್ಲಿ ಎಲ್ಲ ಲೆವೆಲ್‌ಗಳೂ ಒಂದರ ಮೇಲೊಂದು ಬಿದ್ದು ಏನೂ ತಿಳಿಯುವುದಿಲ್ಲ. ಪದರದ ಉದ್ದಕ್ಕೆ ಇರುವ ದೂರವನ್ನು ಅಡ್ಡ ಅಕ್ಷಕ್ಕೆ, ಎತ್ತರವನ್ನು ನಿಂತ ಅಕ್ಷಕ್ಕೆ ಹಾಕಿ ಲಾಂಗ್ ಸೆಕ್ಷನ್ ಮಾಡಿ. ಸ್ಟೋಪ್‌ಗಳು, ಬಿಟ್ಟ ಪಿಲ್ಲರ್‌ಗಳು, ಡೈಕ್‌ಗಳನ್ನು (ಬಂಡೆಯನ್ನು ಸೀಳಿ ಬಂದ ಬೇರೆ ಕಲ್ಲಿನ ಪಟ್ಟೆಗಳು) ಬರೆದು ಅದರ ಮೇಲೆ ಹಾನಿಯ ಚುಕ್ಕೆಗಳನ್ನು ದರ್ಜೆಗೆ ತಕ್ಕ ಗಾತ್ರದಲ್ಲಿ ಇಡಿ. ಉಳಿದ ಜಾಗಗಳನ್ನು ಖಾಲಿ ವೃತ್ತವಾಗಿ ತೋರಿಸಿ. ಚುಕ್ಕೆಗಳು ಒಂದು ಪಿಲ್ಲರ್ ಸುತ್ತ ಗುಂಪಾಗುತ್ತಿವೆಯೋ, ಒಂದು ಡೈಕ್ ಗುಂಟ ಸಾಲಾಗುತ್ತಿವೆಯೋ ಅನ್ನೋದು ಆಗ ಎದ್ದು ಕಾಣುತ್ತದೆ.

ದರ್ಜೆ ಕೊಡುವುದು ಒಬ್ಬರ ಕೈಲಿ ಬೇಡ. ಇಬ್ಬರು ಬೇರೆ ಬೇರೆಯಾಗಿ ಫೋಟೋ ನೋಡಿ ಕೊಡಲಿ. ಹೊಂದದಿದ್ದರೆ ಕೂತು ಮಾತಾಡಲಿ, ಒಪ್ಪಿದ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಲಿ. ಕೆಲವು ತಿಂಗಳ ನಂತರ ಫಾರ್ಮ್ ತೆರೆದು, ಯಾರೂ ತುಂಬಿಸದ ಪ್ರಶ್ನೆಗಳನ್ನು ಕಿತ್ತುಹಾಕಿ. ಉದ್ದನೆಯ ಫಾರ್ಮ್ ಅರ್ಧ ಖಾಲಿ ಬರುತ್ತದೆ, ಚಿಕ್ಕದು ಪೂರ್ತಿ ಬರುತ್ತದೆ.

ಆ ಲಾಂಗ್ ಸೆಕ್ಷನ್‌ನ ಒಂದು ಪ್ರಿಂಟ್ ಕಂಪ್ಯೂಟರ್ ಕೋಣೆಯಲ್ಲೇ ಉಳಿಯಬಾರದು. ಪ್ರತಿ ತಿಂಗಳು ಹೊಸದು ತೆಗೆದು, ಕನ್ನಡದಲ್ಲಿ ವಿವರ ಬರೆದು, ಲ್ಯಾಂಪ್ ರೂಮ್ ಗೋಡೆಗೆ ಹಚ್ಚಿ. ಪಕ್ಕದಲ್ಲಿ ಒಂದು ಪೆನ್ ಕಟ್ಟಿಡಿ. ಅಲ್ಲಿ ಸಾಲಲ್ಲಿ ನಿಲ್ಲುವವರು ತಮಗೆ ಗೊತ್ತಿರುವ, ನಿಮ್ಮ ನಕ್ಷೆಯಲ್ಲಿ ಇಲ್ಲದ ಜಾಗಗಳನ್ನು ಗುರುತು ಹಾಕುತ್ತಾರೆ. ಅವನ್ನೂ ಫಾರ್ಮ್‌ಗೆ ಸೇರಿಸಿ, ‘ನೆನಪಿನಿಂದ’ ಅಂತ ಗುರುತಿಸಿ.